ಬೊಂಬೆಮನೆಯ ಕಪಾಟು: ಬಣ್ಣ ಒಣಗಿದ ಮೇಲೂ ಬಾಗಿಲು ಅಂಟುವುದೇಕೆ?

ಪ್ರಶ್ನೆ: ಏಳು ವರ್ಷದ ಮೊಮ್ಮಗಳಿಗೆಂದು 1:12 ಅಳತೆಯ ಬೊಂಬೆಮನೆಯೊಂದನ್ನು ಮಾಡುತ್ತಿದ್ದೇನೆ. ಅದರ ಅಡುಗೆಮನೆಗೆ ಏಳು ಕಪಾಟುಗಳನ್ನು ಕಿಟ್‌ನಿಂದ ಜೋಡಿಸಿದ್ದೇನೆ. ಪೆಟ್ಟಿಗೆಗಳು ಬರ್ಚ್ ಪ್ಲೈವುಡ್ಡಿನವು. ಬಾಗಿಲುಗಳು 1.5 ಮಿ.ಮೀ. ದಪ್ಪದ ಬಾಸ್‌ವುಡ್ ಎಂಬ ಮೃದು ಮರದವು, ಚೌಕಟ್ಟಿನ ಒಳಗೆ ಕೂರುವಂಥವು. ಮೇಲಂಚಿನ ಅಲಂಕಾರದ ಪಟ್ಟಿಯನ್ನು ಮಾತ್ರ ಹಳೆಯ ಚುರುಟಿನ ಪೆಟ್ಟಿಗೆಯೊಂದರ ಮರದಿಂದ ಕತ್ತರಿಸಿ ಅಂಟಿಸಿದೆ. ಗೋಡೆಗೆ ಬಳಿದು ಉಳಿದಿದ್ದ ಕೆನೆಬಣ್ಣದ ಎಮಲ್ಶನ್ನನ್ನು ಪ್ರೈಮರ್ (ಬಣ್ಣಕ್ಕೆ ಮುಂಚೆ ಕೊಡುವ ತಳಲೇಪ) ಇಲ್ಲದೆ, ಪೆಟ್ಟಿಗೆಗಳಿಗೂ ಮೇಲಂಚಿಗೂ, ಬಾಗಿಲುಗಳ ಹೊರಮುಖಕ್ಕೂ ಅಂಚುಗಳಿಗೂ ನಾಲ್ಕು ಕೋಟು ಹಚ್ಚಿದೆ. ಈಗ ಬ್ರಷ್ಷಿನ ಗೆರೆಗಳು ಕಾಣುತ್ತವೆ, ಬಾಗಿಲಿನ ಕೆತ್ತನೆಯ ಗೆರೆ ಮುಚ್ಚಿಹೋಗಿದೆ, ಎರಡು ಬಾಗಿಲು ಬಾಗಿವೆ, ಮೇಲಂಚಿನಲ್ಲಿ ಕಂದು ಕಲೆ ಮೂಡಿದೆ. ಮುಟ್ಟಿದರೆ ಪೂರ್ತಿ ಒಣಗಿದಂತಿದ್ದರೂ ಎರಡು ದಿನ ಮುಚ್ಚಿಟ್ಟ ಬಾಗಿಲನ್ನು ತೆರೆದಾಗ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಒಂದು ಕಪಾಟಿಗೆ ಹೊಳಪಿನ ಸ್ಪ್ರೇ ಹೊಡೆದಾಗ ಮೇಲ್ಮೈ ಸುಕ್ಕುಗಟ್ಟಿತು. ಇನ್ನೂ ಎರಡು ಕೋಟು ಹಚ್ಚಿದರೆ ನಯವಾಗುತ್ತದೆ ಎಂದು ಒಬ್ಬರು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ ಎಂದು ಇನ್ನೊಬ್ಬರು, ಕೊನೆಗೆ ಉಗುರುಬಣ್ಣದ ಪಾರದರ್ಶಕ ಲೇಪ ಕೊಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಐದು ವಾರದಲ್ಲಿ ಹುಟ್ಟುಹಬ್ಬ. ಎಲ್ಲವನ್ನೂ ಕೆರೆದು ಮೊದಲಿನಿಂದ ಮಾಡಬೇಕೇ, ಅಥವಾ ಇರುವುದನ್ನೇ ಸರಿಪಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಆರು ದೋಷಗಳಿವೆ. ಆರಕ್ಕೂ ನಿಮ್ಮ ಕೈಗೆ ಪಳಗಿಕೆ ಇಲ್ಲದಿರುವುದೇ ಕಾರಣ ಎಂದು ನೀವು ಭಾವಿಸಿರುವಂತಿದೆ. ಹಾಗಲ್ಲ. ಬ್ರಷ್ಷಿನ ಗೆರೆಯೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಕೈಚಳಕದ ಪಾತ್ರ ಬಹಳ ಕಡಿಮೆ. ಗೋಡೆಗೆ ಸರಿಯಾದ ಬಣ್ಣವನ್ನು ಗೋಡೆಗೆ ಸರಿಯಾದ ದಪ್ಪದಲ್ಲಿ, ಗೋಡೆಯಲ್ಲದ ಒಂದು ವಸ್ತುವಿಗೆ ಹಚ್ಚಿದ್ದರಿಂದ ಅವು ಬಂದಿವೆ. ಎಲ್ಲವನ್ನೂ ಕೆರೆಯುವ ಅಗತ್ಯವಿಲ್ಲ. ಪೆಟ್ಟಿಗೆಗಳನ್ನು ಉಳಿಸಿಕೊಂಡು ಬಾಗಿಲುಗಳನ್ನು ಹೊಸದಾಗಿ ಮಾಡುವುದು ನನ್ನ ಸಲಹೆ. ಅದು ಏಕೆ ಎಂಬುದು ಸ್ಪಷ್ಟವಾಗಬೇಕಾದರೆ ಮೊದಲು ಅಳತೆಯ ಲೆಕ್ಕವೊಂದನ್ನು ನೋಡಬೇಕು.

ವಿಂಡ್ಸರ್ ಕೋಟೆಯಲ್ಲಿರುವ, 1924ರಲ್ಲಿ ಪೂರ್ಣಗೊಂಡ ರಾಣಿ ಮೇರಿಯ ಪ್ರಸಿದ್ಧ ಬೊಂಬೆಮನೆಯದೂ ನಿಮ್ಮ ಮನೆಯದೂ ಒಂದೇ ಅಳತೆ: ನಿಜದ ಒಂದು ಅಡಿ ಅಲ್ಲಿ ಒಂದು ಅಂಗುಲ. ಹೀಗಾಗಿ 90 ಸೆಂ.ಮೀ. ಎತ್ತರದ ಕಪಾಟು 7.5 ಸೆಂ.ಮೀ. ಆಗುತ್ತದೆ, 18 ಮಿ.ಮೀ. ದಪ್ಪದ ಬಾಗಿಲು 1.5 ಮಿ.ಮೀ. ಆಗುತ್ತದೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಬಡಗಿ ಬಿಡುವ 3 ಮಿ.ಮೀ. ಸಂದು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಇಷ್ಟೆಲ್ಲ ಹನ್ನೆರಡು ಪಟ್ಟು ಚಿಕ್ಕದಾದರೂ ಬಣ್ಣದ ಪದರ ಮಾತ್ರ ಚಿಕ್ಕದಾಗುವುದಿಲ್ಲ. ಬ್ರಷ್ಷಿನಲ್ಲಿ ದಪ್ಪವಾಗಿ ಎಳೆದ ಎಮಲ್ಶನ್ನಿನ ಒಂದು ಕೋಟು ಒಣಗಿದ ಮೇಲೆ ಸುಮಾರು 40ರಿಂದ 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.) ಉಳಿಯುತ್ತದೆಂದು ಇಟ್ಟುಕೊಂಡರೆ, ನಾಲ್ಕು ಕೋಟು ಸೇರಿ ಹತ್ತಿರ ಹತ್ತಿರ 0.2 ಮಿ.ಮೀ. ಆಯಿತು. ನಿಜವಾದ ಕಪಾಟಿನ ಮೇಲೆ ಇದು ಸುಮಾರು 2.4 ಮಿ.ಮೀ. ದಪ್ಪದ ಬಣ್ಣಕ್ಕೆ ಸಮ. ಅಷ್ಟು ದಪ್ಪ ಬಳಿದ ಬಾಗಿಲನ್ನು ಯಾರ ಅಡುಗೆಮನೆಯಲ್ಲಾದರೂ ಊಹಿಸಿಕೊಳ್ಳಿ. ಕೆತ್ತನೆಯ ಗೆರೆ ಅದರಲ್ಲಿ ಮುಳುಗದೆ ಇರುವುದು ಹೇಗೆ? ಬಾಗಿಲಿನ ಅಂಚಿಗೆ 0.2, ಎದುರಿನ ಚೌಕಟ್ಟಿನ ಅಂಚಿಗೆ 0.2 ಸೇರಿದರೆ 0.4 ಮಿ.ಮೀ.; ಇದ್ದ ಸಂದೇ 0.25. ಬಾಗಿಲನ್ನು ನೀವು ಸಂದಿಗೆ ಕೂರಿಸಲಿಲ್ಲ, ಬಣ್ಣದೊಳಕ್ಕೆ ಒತ್ತಿ ಕೂರಿಸಿದಿರಿ.

ಆದ್ದರಿಂದ ಕಿರುಕೆಲಸದಲ್ಲಿ ಬಣ್ಣವನ್ನು ಕೇವಲ ಬಣ್ಣವೆಂದು ಎಣಿಸಬಾರದು; ಅದು ಮರದಷ್ಟೇ ಅಳತೆಯುಳ್ಳ ಒಂದು ವಸ್ತು. ನಾನು ಈ ಕೆಲಸಕ್ಕೆ ಬಂದದ್ದು ದೊಡ್ಡ ಪೀಠೋಪಕರಣಗಳ ಪಾಲಿಶ್ ಕೆಲಸದಿಂದ. ಅಲ್ಲಿ ಕೈಗೆ ಹತ್ತಿದ್ದ ಅಭ್ಯಾಸಗಳಲ್ಲಿ ತುಂಬು ಬ್ರಷ್ಷಿನಿಂದ ಹೊಟ್ಟೆತುಂಬ ಬಣ್ಣ ಕುಡಿಸುವ ಅಭ್ಯಾಸವನ್ನು ಬಿಡುವುದೇ ನನಗೆ ಅತ್ಯಂತ ಕಷ್ಟವಾಯಿತು. ನೀವು ಬರೆದಂತೆ ಬಣ್ಣ ಸಿಪ್ಪೆಯೆದ್ದು ಬಂದ ಬಾಗಿಲನ್ನು ನಾನೂ ನನ್ನ ಮೇಜಿನ ಮೇಲೆ ಕಂಡಿದ್ದೇನೆ, ಅದೂ ಇನ್ನೊಬ್ಬರಿಗೆ ಒಪ್ಪಿಸಬೇಕಾಗಿದ್ದ ಕೆಲಸದಲ್ಲಿ.

ನಿಮಗೆ ಬಂದ ಮೂರು ಸಲಹೆಗಳಲ್ಲಿ ಮೊದಲನೆಯದು ಇಲ್ಲಿಗೇ ಬಿದ್ದುಹೋಗುತ್ತದೆ. ಹೆಚ್ಚು ಕೋಟು ಹಚ್ಚಿದಷ್ಟೂ ನಯವಾಗುವುದಿಲ್ಲ. ಕೆಳಗಿನ ಕೋಟಿನ ಗೆರೆಯನ್ನು ಮೇಲಿನ ಕೋಟು ನಕಲು ಮಾಡುತ್ತ ಹೋಗುತ್ತದೆ. ನಯ ಬರುವುದು ಕೋಟುಗಳ ನಡುವೆ ನೀವು ಉಜ್ಜಿ ತೆಗೆಯುವುದರಿಂದ, ಮೇಲೆ ಸೇರಿಸುವುದರಿಂದಲ್ಲ. ಪ್ರೈಮರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಷ್ಟು ಚಿಕ್ಕ ವಸ್ತುವಿಗೆ ಪ್ರೈಮರ್ ಏಕೆ, ಅದೂ ಒಂದು ಪದರವಲ್ಲವೇ ಎಂದು ಅನೇಕರು ಕೇಳುತ್ತಾರೆ. ಬರಿಯ ಮರ ಮೊದಲ ಎರಡು ಕೋಟು ಬಣ್ಣವನ್ನು ಹೀರಿಕೊಂಡು, ನೀರಿಗೆ ಉಬ್ಬಿ, ತನ್ನ ನಾರುಗಳನ್ನು ನೆಟ್ಟಗೆ ನಿಲ್ಲಿಸಿಬಿಡುತ್ತದೆ. ಆ ಒರಟನ್ನು ಮುಚ್ಚಲು ಮತ್ತೆರಡು ಕೋಟು ಬೇಕಾಗುತ್ತದೆ. ತೆಳುವಾದ ಒಂದು ಮುದ್ರೆಲೇಪ, ಅಂದರೆ ಸೀಲರ್, ಕೊಟ್ಟರೆ ಒಟ್ಟು ದಪ್ಪ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಇನ್ನು ನಿಮ್ಮನ್ನು ಹೆಚ್ಚು ಕಾಡಿರುವ ಪ್ರಶ್ನೆ: ಒಣಗಿದ ಬಣ್ಣ ಅಂಟುವುದು ಹೇಗೆ? ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟದು. ಮೊದಲನೆಯದು ಸಂದು ಸಾಲದೆ ಬಾಗಿಲು ಬಿಗಿಯಾಗುವುದು. ಎರಡನೆಯದು ಬಣ್ಣದ ಎರಡು ಮುಖಗಳು ಒಂದನ್ನೊಂದು ಹಿಡಿದುಕೊಳ್ಳುವುದು. ಬಣ್ಣದ ಕಸುಬಿನಲ್ಲಿ ಇದಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ಎಮಲ್ಶನ್ ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು. ನೀರು ಆರಿಹೋದಾಗ ಆ ಕಣಗಳು ಒತ್ತೊತ್ತಾಗಿ ಸೇರಿ, ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಅರ್ಧ ಗಂಟೆಯಲ್ಲಿ ಬೆರಳಿಗೆ ಒಣಗಿದಂತೆ ತೋರುವುದು ನೀರಿನ ಆರುವಿಕೆ ಮಾತ್ರ. ಕಣಗಳನ್ನು ಮೆದುವಾಗಿಡಲು ಬೆರೆಸಿರುವ ದ್ರಾವಕ ಪೂರ್ತಿ ಹೊರಹೋಗಿ ಪೊರೆ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ತಂಪು ಮತ್ತು ತೇವದ ಹವೆಯಲ್ಲಿ, ಅಥವಾ ಪದರ ದಪ್ಪವಾಗಿದ್ದರೆ, ಇನ್ನೂ ಹೆಚ್ಚು. ಅಷ್ಟರೊಳಗೆ ಎರಡು ಮುಖಗಳನ್ನು ಒತ್ತಿಟ್ಟರೆ ಆ ಬೆಸೆಯುವ ಕ್ರಿಯೆ ಒಂದು ಮುಖದಿಂದ ಇನ್ನೊಂದಕ್ಕೂ ದಾಟುತ್ತದೆ. ಸಾಲದೆಂಬಂತೆ, ಗೋಡೆಗಳು ಒಂದನ್ನೊಂದು ಮುಟ್ಟುವ ಪ್ರಸಂಗವೇ ಇಲ್ಲದ್ದರಿಂದ ಗೋಡೆಯ ಬಣ್ಣದಲ್ಲಿ ಸಾಮಾನ್ಯವಾಗಿ ಮೆದುಜಾತಿಯ ಪಾಲಿಮರ್, ಅಂದರೆ ಆ ಪ್ಲಾಸ್ಟಿಕ್, ಇರುತ್ತದೆ. ಬಾಗಿಲು, ಕಿಟಕಿ ಮತ್ತು ಪೀಠೋಪಕರಣಕ್ಕೆಂದು ಮಾಡಿದ ನೀರು ಆಧಾರಿತ ಬಣ್ಣಗಳನ್ನು ಈ ಅಂಟುವಿಕೆ ಬಾರದಂತೆ ಗಟ್ಟಿ ಪಾಲಿಮರಿನಿಂದ ಮಾಡಿರುತ್ತಾರೆ.

ನಿಮ್ಮ ಯಾವ ಬಾಗಿಲಿಗೆ ಯಾವ ತೊಂದರೆ ಎಂದು ತಿಳಿಯಲು ಒಂದು ಹಾಳೆ ಮುದ್ರಣ ಕಾಗದ ಸಾಕು. ಅದರ ದಪ್ಪ ಸುಮಾರು 0.1 ಮಿ.ಮೀ. ಬಾಗಿಲು ಮುಚ್ಚಿ ಸಂದಿನ ಸುತ್ತ ಕಾಗದದ ಪಟ್ಟಿಯನ್ನು ಜಾರಿಸಿ ನೋಡಿ. ಪಟ್ಟಿ ಸಲೀಸಾಗಿ ಓಡಾಡಿದರೂ ಬಾಗಿಲು ಮರುದಿನ ಬಾಗಿಲತಡೆಗೆ (ಮುಚ್ಚಿದ ಬಾಗಿಲು ಒಳಕ್ಕೆ ಹೋಗದಂತೆ ತಡೆಯುವ ಪಟ್ಟಿಗೆ) ಅಂಟಿದರೆ ಅದು ಬ್ಲಾಕಿಂಗ್. ಪಟ್ಟಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಂದು ಸಾಲದು. ನಿಮ್ಮಲ್ಲಿ ಎರಡೂ ಕೂಡಿರುವ ಸಾಧ್ಯತೆಯೇ ಹೆಚ್ಚು. ಪರೀಕ್ಷೆಯ ನಂತರ ಬಾಗಿಲುಗಳನ್ನು ತೆರೆದೇ ಇಡಿ.

ಬಿಸಿಗಾಳಿಯಿಂದ ಈ ಗಟ್ಟಿಯಾಗುವಿಕೆಯನ್ನು ಅವಸರಪಡಿಸಬಹುದೆಂಬ ಸಲಹೆಯಲ್ಲಿ ಒಂದಿಷ್ಟು ನಿಜವಿದೆ, ಬೆಚ್ಚನೆಯ ಒಣಹವೆ ಒಳ್ಳೆಯದೇ. ಆದರೆ ಕೂದಲು ಒಣಗಿಸುವ ಯಂತ್ರದ ಹತ್ತಿರದ ಬಿಸಿ ಮೇಲ್ಪೊರೆಯನ್ನು ಮೊದಲು ಮುಚ್ಚಿ ಒಳಗಿನ ದ್ರಾವಕವನ್ನು ಸೆರೆಹಿಡಿಯುತ್ತದೆ, 1.5 ಮಿ.ಮೀ. ಹಲಗೆಯನ್ನು ಒಂದೇ ಪಕ್ಕ ಒಣಗಿಸಿ ಬಾಗಿಸುತ್ತದೆ, ಜೊತೆಗೆ ಕಪಾಟಿನ ಮೂಲೆಗಳನ್ನು ಹಿಡಿದಿರುವ ಬಿಳಿ ಅಂಟನ್ನು ಮೆದು ಮಾಡುತ್ತದೆ. ಓವನ್ನಿನ ಮಾತಂತೂ ಬೇಡ. ಗಾಳಿಯಾಡುವ, ಧೂಳಿಲ್ಲದ ಕೋಣೆಯಲ್ಲಿ ತೆರೆದಿಡುವುದಕ್ಕಿಂತ ಉತ್ತಮವಾದ ವಿಧಾನ ನನಗೆ ಇದುವರೆಗೆ ಸಿಕ್ಕಿಲ್ಲ.

ಬಾಗಿದ ಎರಡು ಬಾಗಿಲುಗಳ ಕಥೆ ಸರಳ. ಹೊರಮುಖಕ್ಕೆ ಮಾತ್ರ ನಾಲ್ಕು ಸಲ ನೀರು ಕುಡಿಸಿದಿರಿ. ಆ ಪಕ್ಕದ ನಾರುಗಳು ಉಬ್ಬಿದವು, ಒಳಪಕ್ಕ ಅವುಗಳನ್ನು ಹರಡಲು ಬಿಡಲಿಲ್ಲ, ಒತ್ತಡದಲ್ಲಿ ಕುಗ್ಗಿದ ನಾರುಗಳು ಒಣಗುವಾಗ ಮೊದಲಿಗಿಂತ ಹೆಚ್ಚು ಕುಗ್ಗಿ, ಹಲಗೆ ಬಣ್ಣದ ಕಡೆಗೆ ಬಾಗಿತು. ತೆಳುಹಲಗೆಗೆ ಎರಡೂ ಮುಖಕ್ಕೆ ಸಮನಾಗಿ ಲೇಪ ಕೊಡಬೇಕು, ಒಳಮುಖ ಯಾರಿಗೂ ಕಾಣದಿದ್ದರೂ. ಕಂದು ಕಲೆಯೂ ಇಷ್ಟೇ ನೇರವಾದದ್ದು: ಚುರುಟಿನ ಪೆಟ್ಟಿಗೆಗಳನ್ನು ಸಾಂಪ್ರದಾಯಿಕವಾಗಿ ಮಾಡುವ ಸ್ಪ್ಯಾನಿಷ್ ಸೀಡರ್ ಎಂಬ ಕೆಂಪುಛಾಯೆಯ ಮರದಲ್ಲಿ ಎಣ್ಣೆ ಮತ್ತು ಬಣ್ಣದ ಅಂಶಗಳು ಸಮೃದ್ಧವಾಗಿವೆ. ನೀರು ಆಧಾರಿತ ಬಣ್ಣ ಅವುಗಳನ್ನು ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದೇ ಬಣ್ಣವನ್ನು ಹತ್ತು ಸಲ ಹಚ್ಚಿದರೂ ಕಲೆ ಹತ್ತು ಸಲ ಮೇಲೆ ಬರುತ್ತದೆ.

ಸುಕ್ಕುಗಟ್ಟಿದ ಕಪಾಟಿನ ವಿಷಯದಲ್ಲಿ ನೀವು ಸ್ಪ್ರೇಯನ್ನು ದೂರಿದ್ದೀರಿ. ಸ್ಪ್ರೇ ತನ್ನ ಗುಣದಂತೆಯೇ ನಡೆದುಕೊಂಡಿದೆ. ಡಬ್ಬಿಯ ಹೊಳಪು ಲ್ಯಾಕರುಗಳಲ್ಲಿ, ಅಂದರೆ ದ್ರಾವಕ ಆರಿ ಒಣಗುವ ಮೆರುಗುಗಳಲ್ಲಿ, ಬಹುತೇಕ ಕಡುದ್ರಾವಕಗಳಿರುತ್ತವೆ, ಇನ್ನೂ ಗಟ್ಟಿಯಾಗದ ಎಮಲ್ಶನ್ ಪೊರೆಯನ್ನು ಅವು ಉಬ್ಬಿಸುತ್ತವೆ. ಉಬ್ಬಿದ ಪೊರೆಗೆ ಹರಡಲು ಜಾಗವಿಲ್ಲದೆ ಮಡಿಕೆ ಬೀಳುತ್ತದೆ. ಉಗುರುಬಣ್ಣದ ಸಲಹೆಯನ್ನು ಇದೇ ಕಾರಣಕ್ಕೆ ತಳ್ಳಿಹಾಕುತ್ತೇನೆ: ಅದು ಈಥೈಲ್ ಮತ್ತು ಬ್ಯೂಟೈಲ್ ಅಸಿಟೇಟಿನಲ್ಲಿ ಕರಗಿಸಿದ ನೈಟ್ರೊಸೆಲ್ಯುಲೋಸ್, ಎಂದರೆ ಅದೂ ಒಂದು ಲ್ಯಾಕರೇ. ನಿಮ್ಮ ಎಮಲ್ಶನ್ ಬಣ್ಣವನ್ನು ಕರಗಿಸುವುದಲ್ಲದೆ ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ನೀರು ಆಧಾರಿತ ಬಣ್ಣದ ಮೇಲೆ ನೀರು ಆಧಾರಿತ ವಾರ್ನಿಷ್ಷನ್ನೇ ಹಚ್ಚಿ. ಎಣ್ಣೆ ಆಧಾರಿತ ಪಾಲಿಯುರಿಥೇನ್ ಅಂಟುತ್ತದೆ, ಗಟ್ಟಿಯೂ ಹೌದು, ಆದರೆ ಕೆನೆಬಣ್ಣವನ್ನು ಅದು ಜೇನುಬಣ್ಣ ಮಾಡಿಬಿಡುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಇರುವ ಬಣ್ಣವನ್ನೇ ಉಳಿಸಿಕೊಂಡು ತಿದ್ದುವುದು ಮೊದಲ ದಾರಿ: ಮೂರು ವಾರ ತೆರೆದಿಟ್ಟು ಗಟ್ಟಿಯಾಗಲು ಬಿಟ್ಟು, ಅಂಚುಗಳನ್ನು 320 ನಂಬರಿನ ಸ್ಯಾಂಡ್ ಪೇಪರಿನಿಂದ ಮರ ಕಾಣುವವರೆಗೆ ಉಜ್ಜಿ, ಬಾಗಿಲು ತಡೆಗೆ ತಾಗುವ ಜಾಗಕ್ಕೆ ಬಣ್ಣವಿಲ್ಲದ ಗಟ್ಟಿಮೇಣವನ್ನು ಚೂರು ಸವರುವುದು. ಬಾಗಿಲು ತೆರೆದು ಮುಚ್ಚಲು ಇದು ಸಾಕು. ಆದರೆ ಮುಚ್ಚಿಹೋದ ಕೆತ್ತನೆ ಮರಳಿ ಬರುವುದಿಲ್ಲ, ಮತ್ತು ಮೆದುವಾದ ಎಮಲ್ಶನ್ ಉಜ್ಜುವಾಗ ಪುಡಿಯಾಗದೆ ಉಂಡೆಗಟ್ಟಿ ಪೇಪರಿಗೆ ಮೆತ್ತಿಕೊಳ್ಳುತ್ತದೆ. ಅವಸರಪಟ್ಟು ಇಂದೇ ಉಜ್ಜಲು ಹೊರಟರೆ ಬಣ್ಣ ಹರಿದು ಇನ್ನಷ್ಟು ಕೆಡುತ್ತದೆ.

ಎಲ್ಲವನ್ನೂ ಕರಗಿಸಿ ತೆಗೆಯುವುದು ಎರಡನೆಯ ದಾರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಎಮಲ್ಶನ್ನನ್ನು ಮೆದು ಮಾಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆತ್ತನೆಯೊಳಗಿನ ಬಣ್ಣವೂ ಬರುತ್ತದೆ. ಇದರ ಅಪಾಯವನ್ನು ಹೇಳದೆ ಈ ದಾರಿಯನ್ನು ತೋರಿಸುವವರೇ ಹೆಚ್ಚು. ಆಲ್ಕೊಹಾಲು ಬಿಳಿ ಅಂಟನ್ನೂ ಮೆದು ಮಾಡುತ್ತದೆ. ಜೋಡಿಸಿದ ಕಪಾಟನ್ನು ಅದರಲ್ಲಿ ತೋಯಿಸಿದರೆ ಮೂಲೆಗಳು ಬಿಡುತ್ತವೆ. ಬಾಸ್‌ವುಡ್ ಮೃದುವಾದ ಮರವಾದ್ದರಿಂದ ಕೆರೆಯುವ ಸಲಕರಣೆ ಅದರ ಮೇಲೆ ಗೀರು ಬಿಟ್ಟೇ ಬಿಡುತ್ತದೆ. ಒಂದು ಕುಟುಂಬದ ನೆನಪಿನ ವಸ್ತುವಾಗಿದ್ದರೆ, ಆ ಬಾಗಿಲುಗಳೇ ಬೇಕೆಂದಿದ್ದರೆ, ನಾನು ಈ ದಾರಿ ಹಿಡಿಯುತ್ತೇನೆ. ಹಳೆಯ ಕಾಲದ ಬೊಂಬೆಮನೆಯಾಗಿದ್ದರೆ ಅದನ್ನೂ ಮಾಡುವುದಿಲ್ಲ, ಏಕೆಂದರೆ ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು, ಉಜ್ಜಿದ ಸೀಸದ ಧೂಳು ಉಸಿರಿಗೂ ಮಕ್ಕಳ ಕೈಗೂ ಹೋಗಬಾರದು.

ಮೂರನೆಯ ದಾರಿ ನಾನು ಆಗಲೇ ಹೇಳಿದ್ದು. ಕಪಾಟಿನ ಪೆಟ್ಟಿಗೆಯ ಬಹುಭಾಗ ಗೋಡೆಗೆ, ನೆಲಕ್ಕೆ, ಪಕ್ಕದ ಕಪಾಟಿಗೆ ಮರೆಯಾಗಿರುತ್ತದೆ. ಅಲ್ಲಿನ ಬ್ರಷ್ಷಿನ ಗೆರೆಯನ್ನು ಯಾರೂ ನೋಡುವುದಿಲ್ಲ. ಕಣ್ಣು ನಿಲ್ಲುವುದು ಬಾಗಿಲುಗಳ ಮೇಲೆ, ಕೈ ಆಡುವುದೂ ಅವುಗಳ ಮೇಲೆಯೇ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದೊಂದು ಬಾಗಿಲನ್ನು ಕೆರೆದು ಸರಿಪಡಿಸಲು ಹಿಡಿಯುವ ಹೊತ್ತಿನಲ್ಲಿ ಮೂರು ಹೊಸ ಬಾಗಿಲು ಮಾಡಬಹುದು. ಅದಲ್ಲದೆ ಸಂದನ್ನು ಮೊದಲೇ ಲೆಕ್ಕಹಾಕಿ ಕತ್ತರಿಸುವ ಅವಕಾಶ ಈ ದಾರಿಯಲ್ಲಿ ಮಾತ್ರ ಇದೆ.

ಹೊಸ ಬಾಗಿಲುಗಳಿಗೆ 0.8 ಮಿ.ಮೀ. ಬರ್ಚ್ ಪ್ಲೈವುಡ್ ಹಲಗೆಯನ್ನು ತಳವಾಗಿ ತೆಗೆದುಕೊಂಡು, ಅದರ ಮೇಲೆ ಅಷ್ಟೇ ದಪ್ಪದ ಬಾಸ್‌ವುಡ್ ಪಟ್ಟಿಗಳನ್ನು ಚೌಕಟ್ಟಿನಂತೆ ಅಂಟಿಸಿ. ಒಟ್ಟು 1.6 ಮಿ.ಮೀ. ಆಗುತ್ತದೆ, ನಿಜದಲ್ಲಿ 19 ಮಿ.ಮೀ. ಬಾಗಿಲು. ಅಡ್ಡಡ್ಡ ಪದರಗಳಿರುವ ಪ್ಲೈವುಡ್ ಒಂಟಿ ಹಲಗೆಯಷ್ಟು ಬಾಗುವುದಿಲ್ಲ. ಬಣ್ಣ ಹಚ್ಚುವ ಮೊದಲೇ ಬಾಗಿಲಿನ ನಾಲ್ಕೂ ಕಡೆ 0.4 ಮಿ.ಮೀ. ಸಂದು ಇರಲಿ, ಅಂದರೆ ಮುದ್ರಣ ಕಾಗದದ ನಾಲ್ಕು ಹಾಳೆ ಒಟ್ಟಿಗೆ ಹಿಡಿದರೆ ಸರಿಯಾಗಿ ತೂರಬೇಕು. ಬರಿಯ ಬಾಗಿಲು ಆಗ ಸಡಿಲವಾಗಿ ಕಾಣುತ್ತದೆ, ತಪ್ಪಾಯಿತೇನೋ ಎಂದು ಅನುಮಾನವೂ ಬರುತ್ತದೆ. ಬರಲಿ. ತೆಳುವಾಗಿ ಹಚ್ಚಿದ ಪದರಗಳೆಲ್ಲ ಸೇರಿ ಅಂಚಿಗೆ 0.1 ಮಿ.ಮೀ. ಆದರೆ ಎದುರು ಬದುರಿನ ಎರಡು ಅಂಚಿಗೆ 0.2, ಉಳಿಯುವ 0.2 ಮಿ.ಮೀ. ನಿಜವಾದ ಕಪಾಟಿನ ಸಂದಿಗೆ ಬಹಳ ಹತ್ತಿರ. ಈ ಲೆಕ್ಕ ಕೂಡಿಬರಬೇಕಾದರೆ ಪೆಟ್ಟಿಗೆಯ ಚೌಕಟ್ಟಿನ ಒಳ ಅಂಚಿನಲ್ಲಿರುವ ಹಳೆಯ ದಪ್ಪ ಬಣ್ಣವನ್ನು ಅದು ಗಟ್ಟಿಯಾದ ಮೇಲೆ ಉಜ್ಜಿ ತೆಗೆದಿರಬೇಕು. ಬಾಗಿಲುಗಳ ಅಂತಿಮ ಅಳತೆಯನ್ನು ಅದಾದ ಮೇಲೆಯೇ ತೆಗೆದುಕೊಳ್ಳಿ.

ಮುದ್ರೆಲೇಪಕ್ಕೆ ನಾನು ನೆಚ್ಚಿಕೊಂಡಿರುವುದು ಶೆಲ್ಲಾಕನ್ನು, ಅಂದರೆ ಅರಗಿನ ಕೀಟ ಸ್ರವಿಸುವ ರಾಳದಿಂದ ಮಾಡಿದ ಮೆರುಗನ್ನು. ಅದು ನೀರಿನ ಬದಲು ಆಲ್ಕೊಹಾಲಿನಲ್ಲಿ ಕರಗುವುದರಿಂದ ಮರದ ನಾರನ್ನು ಅಷ್ಟಾಗಿ ಎಬ್ಬಿಸುವುದಿಲ್ಲ, ಸೀಡರಿನಂಥ ಮರದ ಕಲೆಯನ್ನು ತಡೆಹಿಡಿಯುತ್ತದೆ, ಒಂದು ಗಂಟೆಯೊಳಗೆ ಉಜ್ಜುವಷ್ಟು ಒಣಗುತ್ತದೆ. ಮೇಣ ತೆಗೆದ ಶೆಲ್ಲಾಕನ್ನೇ ಕೇಳಿ ಪಡೆಯಿರಿ. ಮೇಣವಿರುವುದರ ಮೇಲೆ ನೀರು ಆಧಾರಿತ ಬಣ್ಣ ಮತ್ತು ವಾರ್ನಿಷ್ ಸರಿಯಾಗಿ ಹಿಡಿಯದೆ ಇರಬಹುದು. ಹಳುಕುಗಳನ್ನು ನೀವೇ ಕರಗಿಸುವುದಾದರೆ 100 ಮಿ.ಲೀ. ಆಲ್ಕೊಹಾಲಿಗೆ 12 ಗ್ರಾಂ ಸಾಕು. ಇದು ತೆಳುವಾದ ಹದ, ಕೆತ್ತನೆಯ ಮೂಲೆಯಲ್ಲಿ ನಿಲ್ಲುವುದಿಲ್ಲ. ಕರಗಿಸಿ ಆರು ತಿಂಗಳು ದಾಟಿದ ದ್ರಾವಣ ಗಟ್ಟಿಯಾಗಿ ಒಣಗದೆ ಜಿಗುಟಾಗಿ ಉಳಿಯಬಹುದು, ಅದನ್ನು ಬಳಸಬೇಡಿ. ಗಾಳಿಯಾಡುವಲ್ಲಿ, ಉರಿಯಿಂದ ದೂರ ಕೆಲಸ ಮಾಡಬೇಕೆಂಬುದನ್ನು ನೆನಪಿಡಿ. ಎರಡೂ ಮುಖಕ್ಕೆ, ಎಲ್ಲ ಅಂಚುಗಳಿಗೆ ಒಂದೊಂದು ಸಲ ಸವರಿ, ಒಣಗಿದ ಮೇಲೆ 400 ನಂಬರಿನ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳನ್ನು ಮೃದುವಾದ ಒಣ ಬ್ರಷ್ಷಿನಿಂದ ತೆಗೆಯಿರಿ. ಪ್ಲೈವುಡ್ಡಿನ ಅಂಚು ಮಾತ್ರ ಹೆಚ್ಚು ಹೀರುತ್ತದೆ, ಅದಕ್ಕೆ ಎರಡು ಸಲ ಬೇಕಾಗುತ್ತದೆ.

ಎಮಲ್ಶನ್ ಬದಲು ಚಿತ್ರಕಾರರ ದ್ರವ ಅಕ್ರಿಲಿಕ್ ಅಥವಾ ಮಾದರಿ ತಯಾರಕರ ಅಕ್ರಿಲಿಕ್ ಬಣ್ಣ ತೆಗೆದುಕೊಳ್ಳುವುದು ಮೇಲು. ಅವುಗಳ ವರ್ಣಕಣಗಳು ನುಣ್ಣಗಿರುತ್ತವೆ, ತೆಳುಪದರದಲ್ಲೂ ಮುಚ್ಚುವ ಶಕ್ತಿ ಹೆಚ್ಚು. ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಮೊದಲ ಕೋಟಿನಲ್ಲಿ ಮರ ಮಸುಕಾಗಿ ಕಾಣುತ್ತಿರಬೇಕು. ಕಾಣದಿದ್ದರೆ ದಪ್ಪವಾಯಿತೆಂದೇ ಅರ್ಥ. ಮೂರು ತೆಳುಕೋಟು ಹಾಕಿ, ಪ್ರತಿ ಕೋಟು ಚೆನ್ನಾಗಿ ಒಣಗಿದ ಮೇಲೆ 600 ನಂಬರಿನ ಪೇಪರನ್ನು ಭಾರ ಹಾಕದೆ ಎರಡು ಬಾರಿ ಎಳೆಯಿರಿ. ಬ್ರಷ್ 6ರಿಂದ 10 ಮಿ.ಮೀ. ಅಗಲದ, ಮೆತ್ತನೆಯ ಸಿಂಥೆಟಿಕ್ ಎಳೆಗಳ ಚಪ್ಪಟೆ ಬ್ರಷ್ ಆಗಿರಲಿ. ಅದರ ತುದಿಯ ಮೂರನೇ ಒಂದು ಭಾಗವನ್ನಷ್ಟೇ ಅದ್ದಿ, ಬಟ್ಟಲಿನ ಅಂಚಿಗೆ ಎರಡೂ ಪಕ್ಕ ಒರೆಸಿ, ಮೊದಲು ನಡುವಿನ ತಗ್ಗಿನ ಹಲಗೆ, ಆಮೇಲೆ ಅಡ್ಡಪಟ್ಟಿಗಳು, ಕೊನೆಗೆ ಮೇಲಿನಿಂದ ಕೆಳಗಿನವರೆಗೆ ನಿಲುವುಪಟ್ಟಿಗಳು ಎಂಬ ಕ್ರಮದಲ್ಲಿ ಎಳೆಯಿರಿ. ಈ ಕ್ರಮಕ್ಕೆ ಕಾರಣವಿದೆ: ನಿಜವಾದ ಬಾಗಿಲಿನಲ್ಲಿ ಮರದ ಎಳೆ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಲ್ಲೇ ನಿಮ್ಮ ಬ್ರಷ್ಷಿನ ಗೆರೆಯೂ ತಿರುಗುತ್ತದೆ, ಆಗ ಉಳಿದ ಅತಿ ಸಣ್ಣ ಗೆರೆ ದೋಷದಂತೆ ಕಾಣದೆ ಜೋಡಣೆಯ ಭಾಗವಾಗಿಬಿಡುತ್ತದೆ. ಒಮ್ಮೆ ಎಳೆದಲ್ಲಿಗೆ ಬ್ರಷ್ಷನ್ನು ಮರಳಿ ಒಯ್ಯಬೇಡಿ. ಅಕ್ರಿಲಿಕ್ ನಿಮಿಷದೊಳಗೆ ಪೊರೆಗಟ್ಟಲು ತೊಡಗುತ್ತದೆ. ಬಿಟ್ಟುಹೋದ ಚುಕ್ಕೆಯನ್ನು ಮುಂದಿನ ಕೋಟು ನೋಡಿಕೊಳ್ಳುತ್ತದೆ.

ಬಾಗಿಲನ್ನು ಕೈಯಲ್ಲಿ ಹಿಡಿದು ಬಣ್ಣ ಹಚ್ಚಲಾಗದು. ಹಿಡಿಗುಬ್ಬಿ ಕೂರುವ ತೂತನ್ನು ಮೊದಲೇ ಕೊರೆದು ಅದಕ್ಕೊಂದು ಹಲ್ಲುಕಡ್ಡಿಯನ್ನು ಬಿಗಿಯಾಗಿ ಸಿಕ್ಕಿಸಿದರೆ ಎರಡೂ ಮುಖ, ನಾಲ್ಕೂ ಅಂಚು ಒಂದೇ ಸರದಿಯಲ್ಲಿ ಮುಗಿಯುತ್ತವೆ. ಕಡ್ಡಿಯನ್ನು ಸ್ಪಂಜಿನ ತುಂಡಿಗೆ ಚುಚ್ಚಿ ಒಣಗಲು ನಿಲ್ಲಿಸಬಹುದು. ಬಿಜಾಗರಿ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಬಣ್ಣದಿಂದ ಕಾಪಾಡಿ, ಏಕೆಂದರೆ ಬಣ್ಣದ ಮೇಲೆ ಅಂಟಿಸಿದ್ದು ಬಣ್ಣದಷ್ಟೇ ಗಟ್ಟಿ. ಹಿತ್ತಾಳೆಯ ಬಿಜಾಗರಿ ಮತ್ತು ಗುಬ್ಬಿಗಳನ್ನು ಎಲ್ಲ ಲೇಪ ಮುಗಿದ ಮೇಲೆಯೇ ಕೂರಿಸಿ. ಸೂಪರ್ ಗ್ಲೂ ಬಳಸುವುದಾದರೆ ಸೂಜಿಮೊನೆಯಷ್ಟು ಸಾಕು. ಹೆಚ್ಚಾದರೆ ಅದರ ಆವಿ ಸುತ್ತಲಿನ ಬಣ್ಣ ಮತ್ತು ಲೋಹದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ.

ಹೊಳಪಿನ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ನೀವು ಕೊಡಲು ಹೊರಟಿದ್ದ ಪೂರ್ತಿ ಹೊಳಪು ಕಪಾಟನ್ನು ಆಟಿಕೆಯಂತೆ ಮಾಡುತ್ತದೆ. ಮರವನ್ನು ಹನ್ನೆರಡು ಪಟ್ಟು ಚಿಕ್ಕದು ಮಾಡಬಹುದು, ಕೋಣೆಯ ದೀಪವನ್ನು ಮಾಡಲಾಗದು. ಅಂಗೈಯಷ್ಟು ಕಪಾಟಿನ ಮೇಲೆ ದೊಡ್ಡ ದೀಪದ ಪ್ರತಿಬಿಂಬ ಬಿದ್ದೊಡನೆ ಕಣ್ಣಿಗೆ ಅಳತೆಯ ಸುಳ್ಳು ಗೊತ್ತಾಗಿಬಿಡುತ್ತದೆ. ಸ್ಯಾಟಿನ್ ಎಂದು ಕರೆಯುವ ಅರೆಹೊಳಪಿನ ನೀರು ಆಧಾರಿತ ವಾರ್ನಿಷ್ ಒಂದು ತೆಳುಕೋಟು ಸಾಕು; ಕೈ ತಾಗುವ ಬಾಗಿಲುಗಳಿಗೆ ಬೇಕಾದರೆ ಎರಡು. ಡಬ್ಬಿಯನ್ನು ಅಲುಗಾಡಿಸಿ ಗುಳ್ಳೆ ಎಬ್ಬಿಸಬೇಡಿ, ಕಡ್ಡಿಯಿಂದ ತಳದವರೆಗೆ ನಿಧಾನವಾಗಿ ಕಲಕಿ. ಹೊಳಪನ್ನು ಕುಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ. ಬ್ಲಾಕಿಂಗ್ ತಡೆಯಲೂ ಈ ವಾರ್ನಿಷ್ ನೆರವಾಗುತ್ತದೆ, ಗಟ್ಟಿಯಾಗಲು ಹೊತ್ತು ಕೊಟ್ಟರೆ.

ಉಳಿದ ದುರಸ್ತಿಗಳು ಸಣ್ಣವು. ಮೇಲಂಚಿನ ಸೀಡರ್ ಪಟ್ಟಿಯನ್ನು ಬರಿಮರದವರೆಗೆ ಉಜ್ಜಿ, ಶೆಲ್ಲಾಕ್ ಎರಡು ಸಲ ಕೊಟ್ಟು, ಮತ್ತೆ ಬಣ್ಣ ಹಚ್ಚಿ. ಪಕ್ಕದ ಹಳೆಯ ಎಮಲ್ಶನ್ನಿನ ಮೇಲೆ ಶೆಲ್ಲಾಕ್ ತಾಗುವಲ್ಲಿ ಬ್ರಷ್ಷನ್ನು ಒಂದೇ ಸಲ ಎಳೆದು ಬಿಟ್ಟುಬಿಡಿ, ತಿಕ್ಕಿದರೆ ಅದರಲ್ಲಿನ ಆಲ್ಕೊಹಾಲ್ ಆ ಬಣ್ಣವನ್ನು ಮೆದು ಮಾಡುತ್ತದೆ. ಸುಕ್ಕುಗಟ್ಟಿದ ಕಪಾಟನ್ನು ಮಿಕ್ಕವುಗಳಿಗಿಂತ ಹೆಚ್ಚು ದಿನ ಒಣಗಲು ಬಿಟ್ಟು, ಮಡಿಕೆಗಳನ್ನು ಸಮತಟ್ಟಾಗುವವರೆಗೆ ಉಜ್ಜಿ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಸಾಧ್ಯವಾದರೆ ಮೂಲೆಯಲ್ಲಿ ನಿಲ್ಲಿಸಿ.

ಆಡುವ ಮಗುವಿಗೆ ಏಳು ವರ್ಷವಾದ್ದರಿಂದ ಗುಬ್ಬಿಗಳನ್ನು ಬಾಯಿಗೆ ಹಾಕುವ ಭಯ ಕಡಿಮೆ. ಮನೆಗೆ ಮೂರು ವರ್ಷದೊಳಗಿನ ಮಗು ಬರುವುದಿದ್ದರೆ ಮಾತ್ರ ಬೊಂಬೆಮನೆ ಅದರ ಕೈಗೆ ಸಿಗಬಾರದು. ಬಣ್ಣ ಕೊಳ್ಳುವಾಗ ಆಟಿಕೆಗಳಲ್ಲಿನ ಹಾನಿಕರ ಧಾತುಗಳಿಗೆ ಸಂಬಂಧಿಸಿದ ಯುರೋಪಿನ ಇಎನ್ 71-3 ಮಾನದಂಡದ ಉಲ್ಲೇಖ ಡಬ್ಬಿಯ ಮೇಲೆ ಇದೆಯೇ ಎಂದು ನೋಡಿ.

ಐದು ವಾರವನ್ನು ಹೀಗೆ ಬಳಸಿ. ಮೊದಲ ಎರಡು ವಾರ ಪೆಟ್ಟಿಗೆಗಳು ತೆರೆದುಕೊಂಡು ಗಟ್ಟಿಯಾಗಲಿ. ಆ ಹೊತ್ತಿಗೆ ಹೊಸ ಬಾಗಿಲುಗಳ ಹಲಗೆ ಮತ್ತು ಪಟ್ಟಿಗಳನ್ನು ತುಸು ದೊಡ್ಡ ಅಳತೆಗೇ ಅಂಟಿಸಿಡಿ. ಮೂರನೆಯ ವಾರದ ಆರಂಭದಲ್ಲಿ ಚೌಕಟ್ಟಿನ ಅಂಚು ಉಜ್ಜಿ, ಬಾಗಿಲುಗಳನ್ನು ಅಳತೆಗೆ ತಂದು, ಅದೇ ವಾರ ಶೆಲ್ಲಾಕ್, ಬಣ್ಣ, ವಾರ್ನಿಷ್ ಎಲ್ಲವನ್ನೂ ಮುಗಿಸಿ. ಉಳಿದ ಎರಡು ವಾರ ಬಾಗಿಲುಗಳು ಕಡ್ಡಿಯ ಮೇಲೆಯೇ ನಿಂತಿರಲಿ. ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗ ಬಿಜಾಗರಿ ಕೂರಿಸಿ, ಬಾಗಿಲತಡೆಗೆ ಮೇಣ ಸವರಿ. ಕೊಟ್ಟ ಮೇಲೂ ಮೊದಲ ಕೆಲವು ವಾರ ರಾತ್ರಿ ಹೊತ್ತು ಕಪಾಟುಗಳ ಬಾಗಿಲನ್ನು ತುಸು ತೆರೆದಿಡಲು ಮೊಮ್ಮಗಳಿಗೆ ಹೇಳಿ. ಏಳು ವರ್ಷದ ಮಕ್ಕಳು ಇಂಥ ಕೆಲಸವನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಪೆಟ್ಟಿಗೆಗಳಲ್ಲಿ ಹಳೆಯ ಕೆನೆಬಣ್ಣವೇ ಉಳಿಯುವುದರಿಂದ ಹೊಸ ಬಾಗಿಲುಗಳ ಬಣ್ಣ ಅದಕ್ಕೆ ಹೊಂದಬೇಕು. ಎರಡು ಬೇರೆ ಡಬ್ಬಿಯ ಕೆನೆಬಣ್ಣಗಳು ಅಪರೂಪಕ್ಕೆ ಒಂದೇ ಆಗಿರುತ್ತವೆ, ಒದ್ದೆಯಲ್ಲಿ ಒಂದು ಛಾಯೆ ತೋರಿ ಒಣಗಿದಾಗ ಇನ್ನೊಂದಾಗುತ್ತವೆ. ಪೆಟ್ಟಿಗೆಗಳ ಕಾಣುವ ಮುಖಗಳನ್ನು 400 ನಂಬರಿನ ಪೇಪರಿನಿಂದ ನಯಮಾಡಿ, ಹೊಸ ಬಣ್ಣದ ಒಂದು ತೆಳುಕೋಟನ್ನು ಅವುಗಳಿಗೂ ಕೊಟ್ಟು, ಅದೇ ಸ್ಯಾಟಿನ್ ವಾರ್ನಿಷ್ಷನ್ನು ಎಲ್ಲದರ ಮೇಲೆ ಎಳೆದರೆ ವ್ಯತ್ಯಾಸ ಮರೆಯಾಗುತ್ತದೆ. ತೆಗೆದ ಹಳೆಯ ಬಾಗಿಲುಗಳನ್ನು ಅಲ್ಲಿಯವರೆಗೆ ಎಸೆಯಬೇಡಿ. ಬಣ್ಣದ ಹದ, ವಾರ್ನಿಷ್ಷಿನ ಹೊಳಪು, ಶೆಲ್ಲಾಕ್ ಹಳೆಯ ಎಮಲ್ಶನ್ನಿನ ಮೇಲೆ ಹೇಗೆ ಕೂರುತ್ತದೆ ಎಂಬುದು, ಇವೆಲ್ಲವನ್ನೂ ಮೊದಲು ಅವುಗಳ ಮೇಲೆ ಹಚ್ಚಿ ನೋಡಿ, ಒಂದು ರಾತ್ರಿ ಕಳೆದ ಮೇಲೆ ಹೊಸ ಬಾಗಿಲಿಗೆ ಬ್ರಷ್ ಹಾಕಿ.